ಲಿಸ್ಟ್ ಪಿಯಾನೋ ಕೇಳಿದವರಿಗೆ ಕಾಯಿಲೆ ಅಂಟುತ್ತಿತ್ತೇ?

ಫ್ರಾನ್ಸ್ ಲಿಸ್ಟ್ ಅವರ ಪಿಯಾನೋ ಕೇಳಿದವರಿಗೆ ‘ಲಿಸ್ಟೊಮೇನಿಯಾ’ ಎಂಬ ಕಾಯಿಲೆ ಬರುತ್ತಿತ್ತು ಎಂಬ ಮಾತನ್ನು ನೀವೂ ಓದಿರಬಹುದು. ಇದು ನಿಜವೇ? ಅವರ ಬದುಕನ್ನೊಮ್ಮೆ ನೋಡೋಣ.

ಲಿಸ್ಟ್ ಹುಟ್ಟಿದ್ದು 1811ರಲ್ಲಿ, ಆಗ ಹಂಗೇರಿಗೆ ಸೇರಿದ್ದ, ಈಗ ಆಸ್ಟ್ರಿಯಾದಲ್ಲಿರುವ ರೈಡಿಂಗ್ ಎಂಬ ಹಳ್ಳಿಯಲ್ಲಿ. ವಿಯೆನ್ನಾದಲ್ಲಿ ಕಾರ್ಲ್ ಚೆರ್ನಿ ಅವರ ಬಳಿ ಕಲಿತರು. 1832ರಲ್ಲಿ ಪ್ಯಾರಿಸ್‌ನಲ್ಲಿ ಪಗನೀನಿಯವರ ಪಿಟೀಲು ಕೇಳಿದ ಮೇಲೆ, ಪಿಯಾನೋದಲ್ಲೂ ಅಂಥದ್ದನ್ನೇ ಸಾಧಿಸಲು ಹಟ ಹಿಡಿದು ಅಭ್ಯಾಸ ಮಾಡಿದರು.

ಆಗಿನ ಕಛೇರಿಗಳಲ್ಲಿ ಸಾಮಾನ್ಯವಾಗಿ ಹಲವು ಕಲಾವಿದರು ಇರುತ್ತಿದ್ದರು. ಲಿಸ್ಟ್ ಒಬ್ಬರೇ ಇಡೀ ಕಛೇರಿ ನಡೆಸತೊಡಗಿದರು. 1841–42ರ ಚಳಿಗಾಲದಲ್ಲಿ ಬರ್ಲಿನ್‌ನಲ್ಲಿ ಸುಮಾರು ಹತ್ತು ವಾರಗಳಲ್ಲಿ 21 ಕಛೇರಿ ಕೊಟ್ಟರು. ಅಭಿಮಾನಿಗಳು ಅವರ ಕೈಗವಸು, ಕರವಸ್ತ್ರಗಳಿಗೆ ಮುಗಿಬೀಳುತ್ತಿದ್ದರಂತೆ.

ಆದರೆ ಅದು ಕಾಯಿಲೆಯಲ್ಲ. ಆ ಹೆಸರನ್ನು ಕೊಟ್ಟವರು ವೈದ್ಯರಲ್ಲ, ಕವಿ ಹೈನ್ರಿಷ್ ಹೈನೆ. ಅದೂ 1844ರ ಒಂದು ಬರಹದಲ್ಲಿ, ವ್ಯಂಗ್ಯವಾಗಿ. ಕಿಕ್ಕಿರಿದ ಸಭಾಂಗಣ, ಮೇಣದಬತ್ತಿಗಳು, ಅಚ್ಚುಕಟ್ಟಾದ ಪ್ರಚಾರ ಎಲ್ಲವೂ ಅವರ ಕಣ್ಣಿಗೆ ಬಿದ್ದಿದ್ದವು. ಪಕ್ಕದವರು ಚಪ್ಪಾಳೆ ತಟ್ಟಿದರೆ ನಮ್ಮ ಕೈಯೂ ಸುಮ್ಮನಿರುವುದಿಲ್ಲ. ಗುಂಪಿನಲ್ಲಿ ಭಾವನೆ ಹರಡುವುದು ಹೀಗೇ. ಇದಕ್ಕೆ ರೋಗಾಣು ಬೇಕಿಲ್ಲ.

ಈ ಗದ್ದಲವನ್ನು ಬಿಟ್ಟು ಹೊರಟವರು ಲಿಸ್ಟ್ ಅವರೇ. 1847ರಲ್ಲಿ, 35ನೇ ವಯಸ್ಸಿಗೇ, ಹಣಕ್ಕಾಗಿ ನುಡಿಸುವುದನ್ನು ನಿಲ್ಲಿಸಿದರು. ವೈಮಾರ್‌ನಲ್ಲಿ ನೆಲೆಸಿ ಸಂಗೀತ ರಚಿಸಿದರು, ಶುಲ್ಕ ಪಡೆಯದೆ ಶಿಷ್ಯರಿಗೆ ಕಲಿಸಿದರು. 1886ರಲ್ಲಿ ಬೈರಾಯ್ಟ್‌ನಲ್ಲಿ ತೀರಿಕೊಂಡರು.

ಕವಿಯ ಕುಚೋದ್ಯವನ್ನು ನಾವು ವೈದ್ಯರ ಚೀಟಿ ಎಂದು ಓದಬಾರದು. ಸಂಗೀತ ಕೇಳಿ ಮೈಮರೆತವರನ್ನು, ಅದರಲ್ಲೂ ಹೆಂಗಸರನ್ನು, ರೋಗಿಗಳೆನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.