ಶಾಲೆಯ ತಂಡದಲ್ಲಿ ಜಾಗ ಸಿಗದ ಹುಡುಗ: ಡಾನ್ ಬಾರ್ಕ್ಸ್‌ಡೇಲ್

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ ಅಂದ ಕೂಡಲೇ ನಮ್ಮವರಿಗೆ ಈಗ ನೆನಪಾಗುವುದು ಸಾಫ್ಟ್‌ವೇರ್ ಕಂಪೆನಿಗಳು. ಊರಲ್ಲಿ ನಾಲ್ಕು ಮನೆ ದಾಟಿದರೆ ಒಂದು ಮನೆಯ ಮಗನೋ ಮಗಳೋ ಅಲ್ಲಿರುತ್ತಾರೆ. ಆದರೆ ಕಂಪ್ಯೂಟರ್‌ಗೂ ಮೊದಲು ಆ ಕೊಲ್ಲಿಯ ಪೂರ್ವ ದಡದ ಓಕ್ಲೆಂಡ್ ಬೇರೆಯೇ ರೀತಿಯ ಪೇಟೆಯಾಗಿತ್ತು. ಒಂದು ಕಡೆ ಬಂದರು, ಇನ್ನೊಂದು ಕಡೆ ದೇಶದ ಆ ತುದಿಯಿಂದ ಬಂದ ರೈಲು ನಿಲ್ಲುವ ಕೊನೆಯ ಸ್ಟೇಶನ್. ಸ್ಲೀಪರ್ ಬೋಗಿಗಳಲ್ಲಿ ಪೋರ್ಟರ್ ಕೆಲಸ ಮಾಡಿಕೊಂಡಿದ್ದ ಎಷ್ಟೋ ಕಪ್ಪು ವರ್ಣೀಯರು ಅಲ್ಲಿ ಸಂಸಾರ ಹೂಡಿದ್ದರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರೇ ಹೆಚ್ಚು. ಆ ಓಕ್ಲೆಂಡ್‌ನಲ್ಲಿ 1923ರ ಮಾರ್ಚ್ 31ರಂದು ಹುಟ್ಟಿದವರು ಡಾನ್ ಬಾರ್ಕ್ಸ್‌ಡೇಲ್.

ಹೆಸರು ಕೇಳದವರೇ ಹೆಚ್ಚಿರಬಹುದು. ಅಮೆರಿಕಕ್ಕೆ ಬಾಸ್ಕೆಟ್‌ಬಾಲ್‌ನಲ್ಲಿ ಒಲಿಂಪಿಕ್ ಚಿನ್ನ ತಂದ ಮೊದಲ ಕಪ್ಪು ಆಟಗಾರ ಇವರು. ಎನ್‌ಬಿಎ ಆಲ್‌ಸ್ಟಾರ್ ಪಂದ್ಯ ಆಡಿದ ಮೊದಲ ಕಪ್ಪು ಆಟಗಾರನೂ ಇವರೇ. ಆದರೆ ಇಷ್ಟೆಲ್ಲ ಆದ ಈ ಮನುಷ್ಯನಿಗೆ ಓದಿದ ಶಾಲೆಯ ತಂಡದಲ್ಲಿ ಮಾತ್ರ ಒಂದು ದಿನವೂ ಜಾಗ ಸಿಗಲಿಲ್ಲ.

ಓಕ್ಲೆಂಡ್‌ಗೆ ತಾಗಿಕೊಂಡೇ ಇರುವ ಬರ್ಕ್ಲಿ ಊರಿನ ಹೈಸ್ಕೂಲು. ಡಾನ್ ಉದ್ದಕ್ಕೆ ಬೆಳೆದ ಹುಡುಗ, ಆಟವೂ ಚೆನ್ನಾಗಿಯೇ ಇತ್ತು. ಒಂದು ವರ್ಷ ಆಯ್ಕೆಗೆ ಹೋದ, ತೆಗೆದುಕೊಳ್ಳಲಿಲ್ಲ. ಎರಡನೇ ವರ್ಷವೂ ಹೋದ, ಇಲ್ಲ. ಮೂರನೇ ವರ್ಷವೂ ಅದೇ ಕಥೆ. ಕಾರಣ ಗುಟ್ಟಾಗೇನೂ ಇರಲಿಲ್ಲ. ತಂಡದಲ್ಲಿ ಒಬ್ಬ ಕಪ್ಪು ಹುಡುಗ ಸಾಕು ಅನ್ನುವುದು ಕೋಚ್ ಹಾಕಿಕೊಂಡಿದ್ದ ಲೆಕ್ಕ. ಆ ಒಂದು ಸೀಟು ಆಗಲೇ ಭರ್ತಿಯಾಗಿತ್ತು. ಇದು ನಡೆದದ್ದು ಕರಿಯರನ್ನು ಬೇರೆ ಬೆಂಚಿನಲ್ಲಿ ಕೂರಿಸುತ್ತಿದ್ದ ದಕ್ಷಿಣದ ರಾಜ್ಯಗಳಲ್ಲಿ ಅಲ್ಲ, ತನ್ನನ್ನು ತಾನು ಉದಾರಿ ಎಂದುಕೊಳ್ಳುವ ಕ್ಯಾಲಿಫೋರ್ನಿಯಾದಲ್ಲಿ.

ಹುಡುಗ ಆಟ ಬಿಡಲಿಲ್ಲ. ಬರ್ಕ್ಲಿಯ ಸ್ಯಾನ್ ಪಾಬ್ಲೊ ಪಾರ್ಕ್‌ನಲ್ಲಿ ಯಾರು ಬಂದರೂ ಆಡಬಹುದಿತ್ತು. ಅಲ್ಲಿ ಕೋಚ್ ಇಲ್ಲ, ಕೋಟಾ ಇಲ್ಲ, ಜೆರ್ಸಿಯೂ ಇಲ್ಲ. ಶಾಲೆ ಕಲಿಸಬೇಕಾಗಿದ್ದ ಆಟವನ್ನು ಆ ಪಾರ್ಕ್ ಕಲಿಸಿತು.

ಹೈಸ್ಕೂಲು ಮುಗಿಸಿ ಕೊಲ್ಲಿಯ ಉತ್ತರಕ್ಕಿರುವ ಮರಿನ್ ಜೂನಿಯರ್ ಕಾಲೇಜು ಸೇರಿದರು. ಎರಡು ವರ್ಷದ ಕಾಲೇಜು ಅದು. ಅಲ್ಲಿ ಆಡಿದ್ದನ್ನು ನೋಡಿ ಲಾಸ್ ಏಂಜಲೀಸ್‌ನ ಪ್ರಸಿದ್ಧ ಯುಸಿಎಲ್‌ಎ ವಿಶ್ವವಿದ್ಯಾಲಯ ಕರೆಸಿಕೊಂಡಿತು. ಆ ಕಾಲದಲ್ಲಿ ಯುಸಿಎಲ್‌ಎ ತಂಡ ಅದೇ ಊರಿನ ಯುಎಸ್‌ಸಿ ಎದುರು ಸತತ 42 ಪಂದ್ಯ ಸೋತಿತ್ತು. ಆ ಸೋಲಿನ ಸರಣಿ 1943ರಲ್ಲಿ ತುಂಡಾಯಿತು. ಆ ಪಂದ್ಯದಲ್ಲಿ ಬಾರ್ಕ್ಸ್‌ಡೇಲ್ ಹೊಡೆದದ್ದು 18 ಪಾಯಿಂಟ್. ಅಷ್ಟರಲ್ಲಿ ಮಹಾಯುದ್ಧ ನಡೆಯುತ್ತಿತ್ತು, ಸೈನ್ಯಕ್ಕೆ ಹೋಗಬೇಕಾಯಿತು. ಯುದ್ಧ ಮುಗಿಸಿ ಬಂದು ಮತ್ತೆ ಆಡಿದರು. 1947ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಸರ್ವಸಮ್ಮತ ಪಟ್ಟಿಯಲ್ಲಿ ಅವರ ಹೆಸರಿತ್ತು.  ಅದೇ ವರ್ಷ, ಅದೇ ಯುಸಿಎಲ್‌ಎಯಲ್ಲಿ ಅವರಿಗಿಂತ ಮುಂಚೆ ಓದಿದ್ದ ಜಾಕಿ ರಾಬಿನ್ಸನ್ ದೊಡ್ಡ ಬೇಸ್‌ಬಾಲ್ ಲೀಗ್‌ನ ಬಾಗಿಲು ತೆರೆದಿದ್ದರು.

ಬಾಸ್ಕೆಟ್‌ಬಾಲ್‌ನ ವೃತ್ತಿಪರ ಲೀಗ್ ಮಾತ್ರ ಇನ್ನೂ ಬಾಗಿಲು ತೆರೆದಿರಲಿಲ್ಲ. ಹಾಗಾಗಿ ಊರಿಗೆ ಹಿಂತಿರುಗಿ ಓಕ್ಲೆಂಡ್ ಬಿಟ್ನರ್ಸ್ ಎಂಬ ತಂಡ ಸೇರಿದರು. ಇದು ಹವ್ಯಾಸಿಗಳ ಕೂಟ. ಹೆಸರಿಗೆ ಹವ್ಯಾಸಿ ಅಷ್ಟೇ, ಆ ಕೂಟದಲ್ಲಿ ಕಂಪೆನಿಗಳೇ ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಟ್ಟು ಇಟ್ಟುಕೊಳ್ಳುತ್ತಿದ್ದವು. ನಮ್ಮಲ್ಲಿ ರೈಲ್ವೆಯವರು, ಬ್ಯಾಂಕಿನವರು ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಕೊಡುತ್ತಾರಲ್ಲ, ಸುಮಾರು ಹಾಗೆಯೇ. ಎನ್‌ಬಿಎ ಇನ್ನೂ ಕಣ್ಣು ಬಿಡುತ್ತಿದ್ದ ಆ ದಿನಗಳಲ್ಲಿ ಒಳ್ಳೊಳ್ಳೆಯ ಆಟಗಾರರು ಈ ಕೂಟದಲ್ಲೇ ಇರುತ್ತಿದ್ದರು. 1949ರಲ್ಲಿ ಬಿಟ್ನರ್ಸ್ ರಾಷ್ಟ್ರೀಯ ಚಾಂಪಿಯನ್ ಕೂಡ ಆಯಿತು.

ಅದಕ್ಕೂ ಮುಂಚಿನ ವರ್ಷ, 1948ರಲ್ಲಿ, ಲಂಡನ್ ಒಲಿಂಪಿಕ್ಸ್. ನಮಗೆ ಆ ಒಲಿಂಪಿಕ್ಸ್ ಅಂದರೆ ಹಾಕಿ. ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬುವ ಹೊತ್ತಿಗೆ ಬ್ರಿಟಿಷರ ನೆಲದಲ್ಲೇ ಬ್ರಿಟಿಷರನ್ನು 4-0 ಗೋಲುಗಳಿಂದ ಸೋಲಿಸಿ ಭಾರತ ಚಿನ್ನ ಗೆದ್ದದ್ದು ಅಲ್ಲೇ. ಅದೇ ಆಗಸ್ಟ್‌ನಲ್ಲಿ, ಅದೇ ಲಂಡನ್‌ನಲ್ಲಿ, ಅಮೆರಿಕದ ಬಾಸ್ಕೆಟ್‌ಬಾಲ್ ತಂಡದಲ್ಲಿ ಬಾರ್ಕ್ಸ್‌ಡೇಲ್ ಇದ್ದರು. ತಂಡದಲ್ಲಿದ್ದ ಒಬ್ಬನೇ ಕಪ್ಪು ಆಟಗಾರ.

ಲಂಡನ್‌ಗೆ ಹೊರಡುವ ಮುಂಚೆ ತಂಡ ಊರೂರು ತಿರುಗಿ ಪ್ರದರ್ಶನ ಪಂದ್ಯ ಆಡಿತು. ಅದರಲ್ಲಿ ಒಂದು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ. ಉಳಿದವರಿಗೆಲ್ಲ ಹೋಟೆಲು. ಬಾರ್ಕ್ಸ್‌ಡೇಲ್‌ಗೆ ಆ ಹೋಟೆಲಿನಲ್ಲಿ ರೂಮು ಕೊಡುವುದಿಲ್ಲ. ದೇಶದ ಜೆರ್ಸಿ ಹಾಕಿ ಆಡುವವರು ಅವತ್ತು ರಾತ್ರಿ ಒಂದು ಕಪ್ಪು ಕುಟುಂಬದ ಮನೆಯಲ್ಲಿ ಉಳಿದುಕೊಂಡರು. ಪಂದ್ಯ ಬಿಳಿಯರ ಜೊತೆ ಬಿಳಿಯರ ಎದುರು, ಗ್ಯಾಲರಿ ತುಂಬ ಜನ. ವಿರಾಮದಲ್ಲಿ ನೀರಿನ ಬಾಟಲಿ ಆಟಗಾರರ ಕೈಯಿಂದ ಕೈಗೆ ಹೋಗುತ್ತಾ ಬಂತು. ಬಾರ್ಕ್ಸ್‌ಡೇಲ್ ಕೈಗೆ ಬಂದಾಗ ಜನರೆಲ್ಲ ನೋಡುತ್ತಿದ್ದಾರೆ. ಅವರು ಕುಡಿದು ಪಕ್ಕದವರಿಗೆ ಕೊಟ್ಟರು. ಪಕ್ಕದಲ್ಲಿದ್ದದ್ದು ದಕ್ಷಿಣದ ಆರ್ಕನ್ಸಾ ರಾಜ್ಯದ ಬಿಳಿಯ, ಗಾರ್ಡನ್ ಕಾರ್ಪೆಂಟರ್. ಎಲ್ಲರೂ ಶಾರ್ಟಿ ಎಂದು ಕರೆಯುತ್ತಿದ್ದ ಎತ್ತರದ ಆಳು. ಕಾರ್ಪೆಂಟರ್ ಬಾಟಲಿ ತಗೊಂಡು, ಒರೆಸದೆ, ಅನುಮಾನಿಸದೆ ಕುಡಿದು ಮುಂದಿನವರಿಗೆ ದಾಟಿಸಿದರು. ನಡೆದದ್ದು ಇಷ್ಟೇ. ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟಿದ್ದನ್ನು, ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದುದನ್ನು ಕಂಡ ಅಥವಾ ಹಿರಿಯರಿಂದ ಕೇಳಿದ ನಮ್ಮ ಜನರಿಗೆ ಈ ಬಾಟಲಿ ಎಷ್ಟು ಭಾರ ಇತ್ತು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾರ್ಕ್ಸ್‌ಡೇಲ್ ಈ ಘಟನೆಯನ್ನು ಮುಂದೆ ಎಷ್ಟೋ ವರ್ಷಗಳ ನಂತರವೂ ನೆನಪಿಸಿಕೊಳ್ಳುತ್ತಿದ್ದರು.

ಲಂಡನ್‌ನಲ್ಲಿ ಅಮೆರಿಕಕ್ಕೆ ಸ್ವಲ್ಪ ಬೆವರು ಬಂದದ್ದು ಅರ್ಜೆಂಟೀನಾ ಎದುರು ಮಾತ್ರ, 59-57. ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 65-21. ಚಿನ್ನದ ಪದಕ ಕೊರಳಿಗೆ ಬಿತ್ತು.

1950ರಲ್ಲಿ ಎನ್‌ಬಿಎ ಕೊನೆಗೂ ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್, ಅರ್ಲ್ ಲಾಯ್ಡ್ ಎಂಬ ಮೂವರು ಕಪ್ಪು ಆಟಗಾರರನ್ನು ಒಳಗೆ ಬಿಟ್ಟಿತು. ಮರುವರ್ಷ ಬಾಲ್ಟಿಮೋರ್ ಬುಲೆಟ್ಸ್ ತಂಡ ಬಾರ್ಕ್ಸ್‌ಡೇಲ್ ಅವರನ್ನು ತೆಗೆದುಕೊಂಡಿತು. ಆಗ ಅವರಿಗೆ 28 ವರ್ಷ. ಬೇರೆಯವರು ಐದಾರು ವರ್ಷ ಸಂಪಾದಿಸಿ ಕೂತಿರುವ ವಯಸ್ಸಿನಲ್ಲಿ ಇವರದ್ದು ಇನ್ನೂ ಮೊದಲ ಸಂಬಳ. ಆಟಗಾರನ ಕಾಲು ಒಳ್ಳೆಯದಿರುವ ವರ್ಷಗಳು ಎಷ್ಟು ಅಂತ ಎಣಿಸಿದರೆ, ಕಳೆದುಹೋದದ್ದು ಎಷ್ಟು ಅಂತ ಗೊತ್ತಾಗುತ್ತದೆ. ಆ ಬಾಕಿಯನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ.

ಬಾಲ್ಟಿಮೋರ್ ಸೋಲುವ ತಂಡ. 1952-53ರ ಸೀಸನ್‌ನಲ್ಲಿ ಗೆದ್ದದ್ದು 16, ಸೋತದ್ದು 54. ಅಂಥ ತಂಡದಲ್ಲಿದ್ದೂ ಅದೇ ಸೀಸನ್‌ನ ನಡುವೆ, 1953ರ ಜನವರಿಯಲ್ಲಿ, ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ನಡೆದ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಆಮೇಲೆ ಬಾಸ್ಟನ್ ಸೆಲ್ಟಿಕ್ಸ್. ಅಲ್ಲಿ ಬಾಬ್ ಕೂಸಿಯಂಥ ಆಟಗಾರರ ಜೊತೆ, ರೆಡ್ ಔರ್‌ಬ್ಯಾಕ್ ಎಂಬ ಚಾಣಾಕ್ಷ ಕೋಚ್ ಕೈಕೆಳಗೆ ಎರಡು ಸೀಸನ್. ಪಾದದ ಗಂಟು ಕೈಕೊಟ್ಟಿತು. 1955ಕ್ಕೆ, 32ನೇ ವಯಸ್ಸಿಗೆ, ಒಟ್ಟು ನಾಲ್ಕೇ ಸೀಸನ್ನಿಗೆ ವೃತ್ತಿಪರ ಆಟ ಮುಗಿಯಿತು.

ಸೆಲ್ಟಿಕ್ಸ್‌ಗೆ ಅವರಿಂದ ಇನ್ನೊಂದು ಉಪಕಾರವೂ ಆಯಿತು. ಓಕ್ಲೆಂಡ್‌ನ ಹೈಸ್ಕೂಲಿನಲ್ಲಿ ಕಲಿತು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದ ಬಿಲ್ ರಸೆಲ್ ಎಂಬ ಹುಡುಗನ ಬಗ್ಗೆ ಔರ್‌ಬ್ಯಾಕ್ ವಿಚಾರಿಸಿದವರಲ್ಲಿ ಬಾರ್ಕ್ಸ್‌ಡೇಲ್ ಒಬ್ಬರು. ಇವರು ಒಳ್ಳೆಯ ಮಾತು ಹೇಳಿದರು. ರಸೆಲ್ ಬಂದ ಮೇಲೆ ಸೆಲ್ಟಿಕ್ಸ್ 11 ಬಾರಿ ಚಾಂಪಿಯನ್ ಆದದ್ದು ಗೊತ್ತಿರುವ ವಿಷಯ.

ಆಟ ನಿಂತ ಮೇಲೆ ಏನು? ಎಷ್ಟೋ ಆಟಗಾರರು ಇಲ್ಲಿಯೇ ಕುಸಿಯುತ್ತಾರೆ. ಬಾರ್ಕ್ಸ್‌ಡೇಲ್ ಮುಂಚೆಯೇ ದಾರಿ ಮಾಡಿಟ್ಟಿದ್ದರು. ಎನ್‌ಬಿಎಗೆ ಹೋಗುವ ಮೊದಲೇ ರೇಡಿಯೊದಲ್ಲಿ ಹಾಡು ಹಾಕುವ ಕೆಲಸ ಹಿಡಿದಿದ್ದರು. ಬೇ ಏರಿಯಾದ ಮೊದಲ ಕಪ್ಪು ಡಿಸ್ಕ್ ಜಾಕಿ ಅವರೇ. ಈಗ ಓಕ್ಲೆಂಡ್‌ಗೆ ಮರಳಿ ಅದನ್ನೇ ಹಿಡಿದರು. ಟಿವಿಯಲ್ಲೂ ಕಾಣಿಸಿಕೊಂಡರು. ಬಿಯರ್ ವಿತರಣೆಯ ಏಜೆನ್ಸಿ ತಗೊಂಡರು, ಓಕ್ಲೆಂಡ್‌ನಲ್ಲಿ ಎರಡು ನೈಟ್‌ಕ್ಲಬ್ ನಡೆಸಿದರು. ಒಂದೇ ಆದಾಯ ನಂಬಿ ಕೂರುವ ಜಾಯಮಾನ ಅವರದ್ದಲ್ಲ. ಕ್ಲಬ್ ವ್ಯವಹಾರ ದೂರದಿಂದ ಕಾಣುವಷ್ಟು ಸುಲಭವೂ ಅಲ್ಲ. ಹಾಡುವವರಿಗೆ, ಸಪ್ಲೈ ಮಾಡುವವರಿಗೆ, ಬಾಡಿಗೆಗೆ ದುಡ್ಡು ಮೊದಲು ಹೋಗುತ್ತದೆ, ಗಿರಾಕಿ ಬರುವುದು ಆಮೇಲೆ.

ಅವರು ವ್ಯಾಪಾರಸ್ಥರಾಗಿ ಊರಿನಲ್ಲಿ ಹೆಸರು ಮಾಡಿದ್ದಾಗ, 1978ರಲ್ಲಿ, ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 13 ಎಂಬ ಕಾನೂನಿಗೆ ಓಟು ಹಾಕಿದರು. ಮನೆ, ಜಾಗದ ಮೇಲಿನ ತೆರಿಗೆ ಅದರ ಬೆಲೆಯ ಶೇ. 1 ದಾಟಬಾರದು, ತೆರಿಗೆಗೆ ಹಿಡಿಯುವ ಬೆಲೆಯೂ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದು. ಮನೆ ಇದ್ದವರಿಗೆ ಖುಷಿಯೋ ಖುಷಿ. ಆದರೆ ಸರ್ಕಾರಿ ಶಾಲೆಗಳು ನಡೆಯುತ್ತಿದ್ದುದೇ ಬಹುಪಾಲು ಆ ಸ್ಥಳೀಯ ತೆರಿಗೆಯಿಂದ. ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಖೋತಾ. ಶಾಲೆಯಲ್ಲಿ ದುಡ್ಡು ಕಡಿಮೆಯಾದರೆ ಮೊದಲು ಕತ್ತರಿ ಬೀಳುವುದು ಗಣಿತಕ್ಕಲ್ಲ, ಆಟಕ್ಕೆ. ತಂಡ ಅಂದರೆ ಬರೀ ಐದು ಹುಡುಗರು ಮತ್ತು ಒಂದು ಚೆಂಡಲ್ಲವಲ್ಲ. ಕೋಚ್‌ಗೆ ಕೊಡಬೇಕು, ಬಸ್ಸಿಗೆ ಕೊಡಬೇಕು, ಅಂಪೈರಿಗೆ, ಜೆರ್ಸಿಗೆ. ಇಲ್ಲಿ ರಜೆಯ ದಿನ ವಾಲಿಬಾಲ್, ಕಬಡ್ಡಿ ಟೂರ್ನಮೆಂಟ್ ಮಾಡಲು ಸ್ಪಾನ್ಸರ್ ಹುಡುಕಿಕೊಂಡು ಅಂಗಡಿ ಅಂಗಡಿ ಹತ್ತಿ ಇಳಿದವರಿಗೆ ಈ ಪಟ್ಟಿ ಬಾಯಿಪಾಠ.

ಓಕ್ಲೆಂಡ್ ಶಾಲೆಗಳ ಆಟಗಳು ನಿಂತೇ ಹೋಗುತ್ತವೆ ಅನ್ನುವ ಹಂತ ಬಂತು. 1983ರಲ್ಲಿ, 60ನೇ ವಯಸ್ಸಿನಲ್ಲಿ, ಬಾರ್ಕ್ಸ್‌ಡೇಲ್ ಹೈಸ್ಕೂಲ್ ಕ್ರೀಡೆಗಳನ್ನು ಉಳಿಸುವುದಕ್ಕೆಂದೇ ಒಂದು ಪ್ರತಿಷ್ಠಾನ ಶುರುಮಾಡಿದರು. ಅದರ ಹೆಸರೇ ಸೇವ್ ಹೈಸ್ಕೂಲ್ ಸ್ಪೋರ್ಟ್ಸ್ ಫೌಂಡೇಶನ್. ರೇಡಿಯೊ, ಸಂಗೀತ, ಕ್ಲಬ್, ಆಟ ಅಂತ ಅಷ್ಟು ವರ್ಷ ಬೆಳೆಸಿಕೊಂಡಿದ್ದ ಪರಿಚಯ ಈಗ ಕೆಲಸಕ್ಕೆ ಬಂತು. ಓಕ್ಲೆಂಡ್ ಶಾಲೆಗಳ ಕ್ರೀಡೆ ಕುಸಿಯದೆ ಉಳಿದುಕೊಂಡದ್ದಕ್ಕೆ ಈ ಪ್ರತಿಷ್ಠಾನದ ದುಡ್ಡು ದೊಡ್ಡ ಕಾರಣ ಎಂದು ಆ ಊರಿನವರು ಇವತ್ತಿಗೂ ನೆನೆಯುತ್ತಾರೆ. ಮೂರು ವರ್ಷ ಶಾಲೆಯ ತಂಡದ ಬಾಗಿಲಲ್ಲಿ ನಿಂತು ಹಿಂದಿರುಗಿದ ಹುಡುಗನೇ ಬೇರೆಯವರ ಮಕ್ಕಳ ತಂಡಕ್ಕೆ ಚಂದಾ ಎತ್ತಿದ. ಚಿನ್ನದ ಪದಕ ಗೆದ್ದವರು ಬಹಳ ಮಂದಿ ಇದ್ದಾರೆ. ಈ ಕೆಲಸ ಮಾಡಿದವರು ಅಷ್ಟು ಇಲ್ಲ.

ಹತ್ತು ವರ್ಷದ ನಂತರ, 1993ರ ಮಾರ್ಚ್‌ನಲ್ಲಿ, 70 ತುಂಬಲು ಕೆಲವೇ ದಿನ ಬಾಕಿ ಇರುವಾಗ ಬಾರ್ಕ್ಸ್‌ಡೇಲ್ ತೀರಿಕೊಂಡರು. ಬಾಸ್ಕೆಟ್‌ಬಾಲ್‌ನ ಅತಿ ದೊಡ್ಡ ಗೌರವ ಎನ್ನುವ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2012ರಲ್ಲಿ, ಸತ್ತು 19 ವರ್ಷವಾದ ಮೇಲೆ.