ಉಪ್ಪಿನಿಂದ ನೂಲಿನವರೆಗೆ: ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ಪ್ರತಿವರ್ಷವೂ ನವೆಂಬರ್ ಒಂದನೆಯ ತಾರೀಖಿಗೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರಾದ ನಾವು ಒಂದೆಡೆ ಕಲೆತು ನಾಡಿನ ಹಿರಿಯರನ್ನು ನೆನೆಯುತ್ತೇವೆ. ಆ ಹಬ್ಬಕ್ಕೆ ಮೂರೇ ದಿನ ಮುಂಚೆ, 1988ರ ಅಕ್ಟೋಬರ್ 29ರಂದು, ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ಹಿರಿಯ ಮಹಿಳೆ ಇದೇ ಮುಂಬಯಿಯಲ್ಲಿ ಕಣ್ಣು ಮುಚ್ಚಿದರು. ಅವರೇ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ಅವರ ಹೆಸರನ್ನು ಕೇಳದವರು ವಿರಳ. ಆದರೆ ಅವರು ಮಾಡಿದ್ದೇನೆಂಬುದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಿದವರೂ ವಿರಳವೇ. ಆ ಕೊರತೆಯನ್ನು ಈ ಸಂಚಿಕೆಯಲ್ಲಿ ಕಿಂಚಿತ್ತಾದರೂ ತುಂಬುವುದು ನಮ್ಮ ಉದ್ದೇಶ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಓದುಬರಹ ಬಲ್ಲವರು, ಮೇಲಾಗಿ ಸ್ವಾಭಿಮಾನಿ. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ಮೃತ್ಯುಪತ್ರವನ್ನು ಬರೆದಿಡದೆ ತೀರಿಕೊಂಡರು. ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಮಗಳಿಗೆ ಉಳಿದದ್ದು ಜೀವನಾಂಶದ ಆಸೆಯೊಂದೇ. ಗಿರಿಜಾಬಾಯಿಯವರು ಅದನ್ನೂ ಬೇಡವೆಂದು ತಳ್ಳಿಹಾಕಿ, ತಮ್ಮ ತವರಿನಿಂದ ಬಂದುದರಲ್ಲಿಯೇ ಮಗಳನ್ನು ಬೆಳೆಸಿದರು. ಕಾಯಿದೆಯಾಗಿದ್ದ ಮಾತ್ರಕ್ಕೆ ಅದು ನ್ಯಾಯವಾಗಲಾರದು ಎಂಬ ಪಾಠವನ್ನು ಆ ಮಗು ಶಾಲೆಗಿಂತ ಮೊದಲು ಮನೆಯಲ್ಲೇ ಕಲಿತಿತು.

ಹದಿನಾಲ್ಕನೆಯ ವಯಸ್ಸಿಗೆ ಮದುವೆ. ಎರಡು ವರ್ಷ ಕಳೆಯುವುದರೊಳಗೆ ವೈಧವ್ಯ. ಅಂದಿನ ಸಮಾಜದಲ್ಲಿ ಅಂಥ ಹುಡುಗಿಯ ಬಾಳು ಅಲ್ಲಿಗೇ ಮುಗಿದಂತೆ. ಆದರೆ ಕಮಲಾದೇವಿ ಮದರಾಸಿಗೆ ಹೋಗಿ ಓದನ್ನು ಮುಂದುವರಿಸಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಬಂಧುಬಳಗದ ಅಸಮಾಧಾನವನ್ನು ಲೆಕ್ಕಿಸದೆ ಅವರನ್ನು ವಿವಾಹವಾದರು. ಗಂಡಹೆಂಡಿರ ದಾರಿಗಳು ಮುಂದೆ ಬೇರೆಯಾದವು. ಲಂಡನ್ನಿನಲ್ಲಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಅವರನ್ನು ಸೆಳೆಯಿತು. 1923ರಲ್ಲಿ ಸ್ವದೇಶಕ್ಕೆ ಮರಳಿ, ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳವನ್ನು ಸೇರಿ ಅದರ ಮಹಿಳಾ ವಿಭಾಗದ ಹೊಣೆಯನ್ನು ಹೊತ್ತರು. 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪವೇ ಮತಗಳಿಂದ ಸೋತರು. ಶಾಸನಸಭೆಗೆ ಹೆಂಗಸೊಬ್ಬಳು ಉಮೇದುವಾರಳಾಗಿ ನಿಲ್ಲುವುದೇ ಆಗ ಹೊಸ ಸಂಗತಿಯಾಗಿತ್ತು.

ಅವರ ಜೀವನದ ಮುಖ್ಯ ಅಧ್ಯಾಯವು ತೆರೆದುದು 1930ರಲ್ಲಿ, ಈ ನಮ್ಮ ಮುಂಬಯಿಯಲ್ಲಿ. ಭಾಂಡೂಪ, ಕಾಂಜೂರಮಾರ್ಗಗಳ ಕಡೆಯಲ್ಲಿ, ಥಾಣೆ ಖಾರಿಯ ದಂಡೆಗೆ, ಉಪ್ಪಿನ ಆಗರಗಳಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಉಬ್ಬರದ ನೀರನ್ನು ಮಡಿಗಳಿಗೆ ಬಿಟ್ಟು ಬಿಸಿಲಿಗೆ ಆರಿಸಿ ಕೆರೆದು ತೆಗೆದರೆ ಉಪ್ಪಾಯಿತು. ಕಡಲೂ ಬಿಸಿಲೂ ದೇವರು ಕೊಟ್ಟದ್ದು, ದುಡಿಮೆ ನಮ್ಮ ಕೈಯದು. ಹೀಗಿದ್ದರೂ ಸರಕಾರದ ಅಪ್ಪಣೆಯಿಲ್ಲದೆ ಉಪ್ಪು ಮಾಡುವುದು ಅಂದು ಅಪರಾಧ. ಗಂಜಿಗೆ ಉಪ್ಪಲ್ಲದೆ ಬೇರೇನೂ ಇಲ್ಲದ ಬಡವನೂ ತೆರಿಗೆ ತೆರಬೇಕು! ಈ ಕಾಯಿದೆಯನ್ನು ಮುರಿಯಲೆಂದು ಗಾಂಧೀಜಿಯವರು ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟರು.

ಆ ತಂಡದಲ್ಲಿ ಹೆಂಗಸರಿರಲಿಲ್ಲ. ಕಮಲಾದೇವಿಯವರಿಗೆ ಇದು ಸರಿದೋರಲಿಲ್ಲ. ದಾರಿಯಲ್ಲಿ ಗಾಂಧೀಜಿಯವರನ್ನು ಕಂಡು, ಒಲೆಯ ಮುಂದೆ ದಿನವೂ ಉಪ್ಪನ್ನು ಅಳೆಯುವವಳು ಹೆಣ್ಣಾಗಿರುವಾಗ ಉಪ್ಪಿನ ಹೋರಾಟದಿಂದ ಅವಳನ್ನೇ ದೂರವಿಡುವುದು ತಕ್ಕುದಲ್ಲವೆಂಬ ಭಾವದಿಂದ ವಾದಿಸಿದರು, ಒಪ್ಪಿಗೆಯನ್ನೂ ಪಡೆದರು. ಮುಂಬಯಿಯ ಕಡಲ ದಂಡೆಯಲ್ಲಿ ಉಪ್ಪು ತಯಾರಿಸಲು ಗೊತ್ತುಮಾಡಿದ ಏಳು ಜನರ ಮುಂದಾಳುಗಳಲ್ಲಿ ಇಬ್ಬರು ಸ್ತ್ರೀಯರು: ಒಬ್ಬರು ಅವಂತಿಕಾಬಾಯಿ ಗೋಖಲೆ, ಇನ್ನೊಬ್ಬರು ನಮ್ಮ ಕಮಲಾದೇವಿ.

ಒಲೆ, ಬೋಗುಣಿ, ಸಮುದ್ರದ ನೀರು, ಇಷ್ಟೇ ಅವರ ಆಯುಧಗಳು. ಕಾಯಿಸಿ ತೆಗೆದ ಹಿಡಿ ಉಪ್ಪನ್ನು ಪೊಟ್ಟಣ ಕಟ್ಟಿ ಪೇಟೆಗೆ ತಂದರು. ಲಕ್ಷಾಂತರ ರೂಪಾಯಿಗಳ ವ್ಯವಹಾರ ನಡೆಯುವ ಶೇರು ಪೇಟೆಯೊಳಕ್ಕೇ ನುಗ್ಗಿ ಮಾರಿದರು. ಹೈಕೋರ್ಟಿನ ಬಳಿಗೂ ಹೋಗಿ, ಅಲ್ಲಿದ್ದ ಮ್ಯಾಜಿಸ್ಟ್ರೇಟರಿಗೇ ಈ ಸ್ವಾತಂತ್ರ್ಯದ ಉಪ್ಪು ಬೇಕೇ ಎಂದು ವಿಚಾರಿಸಿದರು. ಕಾಯಿದೆಯನ್ನು ಕಾಯುವವರ ಮುಂದೆಯೇ, ಕಾಯಿದೆ ಮುರಿದ ಸರಕನ್ನು ನಗುಮುಖದಿಂದ ಹಿಡಿದು ನಿಲ್ಲುವ ಧೈರ್ಯ ಎಂಥದೆಂದು ಓದುಗರೇ ಊಹಿಸಬಹುದು. ಚಿಕ್ಕ ಮಗನ ತಾಯಿಯಾಗಿದ್ದ ಅವರಿಗೆ ಇದಕ್ಕಾಗಿ ಸೆರೆಮನೆಯಾಯಿತು. ಏಪ್ರಿಲ್ 13ರಂದು ನಮ್ಮ ಅಂಕೋಲೆಯ ಜನರೂ ಉಪ್ಪಿನ ಕಾಯಿದೆಯನ್ನು ಮುರಿದರು; ಮುಂದೆ ವಡಾಲೆಯ ಆಗರಗಳ ಮೇಲೆ ಸಾವಿರಾರು ಮಂದಿ ಮುತ್ತಿಗೆ ಹಾಕಿದರು.

ಆ ಪೊಟ್ಟಣದ ಉಪ್ಪು ಅಡಿಗೆಗೆ ಎಷ್ಟು ಒದಗಿತೋ, ಅದು ಮುಖ್ಯವಲ್ಲ. ಕೊಂಡುಕೊಳ್ಳಲೇಬೇಕೆಂದು ಆಳುವವರು ವಿಧಿಸಿದ್ದನ್ನು ನನ್ನ ಕೈಯಿಂದ ನಾನೇ ಮಾಡಿಕೊಳ್ಳಬಲ್ಲೆನೆಂದು ತೋರಿಸುವುದೇ ಅದರ ಮರ್ಮ. ರಾಟೆಯ ನೂಲಿನ ಅರ್ಥವೂ ಇದೇ. ಭಾಷಣ ಮಾಡಲಾರದ, ಅಕ್ಷರವನ್ನೇ ಅರಿಯದ ಹೆಂಗಸು ಕೂಡ ನೂತು ನೇಯ್ದು ಸಾಮ್ರಾಜ್ಯಕ್ಕೆ ಒಲ್ಲೆನೆನ್ನಬಹುದಾಗಿತ್ತು. ಕೈಕಸುಬು ಹೀಗೆ ಮೂಕರ ಮಾತಾಯಿತು. ಈ ಸತ್ಯವನ್ನು ಕಮಲಾದೇವಿಯವರು ಕೊನೆಯವರೆಗೂ ಮರೆಯಲಿಲ್ಲ.

ಸ್ವಾತಂತ್ರ್ಯ ಬಂದಿತು; ಜೊತೆಗೇ ದೇಶ ಒಡೆಯಿತು. ಮನೆಮಾರು ಕಳೆದುಕೊಂಡವರು ತಂಡತಂಡವಾಗಿ ಬಂದರು. ಸಿಂಧಿನಿಂದ ಬಂದವರು ನಮ್ಮ ಕಲ್ಯಾಣದ ಸೈನಿಕ ಶಿಬಿರಗಳಲ್ಲಿ ನೆಲೆನಿಂತು, ಅದೇ ಇಂದಿನ ಉಲ್ಹಾಸನಗರವಾದುದನ್ನು ನಾವೆಲ್ಲ ಬಲ್ಲೆವು. ದಿಲ್ಲಿಯ ಕಡೆಗೆ ಬಂದ ಗಡಿನಾಡಿನ ನಿರಾಶ್ರಿತರ ನಡುವೆ ಕಮಲಾದೇವಿಯವರು ದುಡಿದರು. ಅಧಿಕಾರದ ಪದವಿಗಳನ್ನು ಬಯಸದೆ, 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಸ್ಥಾಪಿಸಿ, ಫರೀದಾಬಾದ್ ಪಟ್ಟಣವನ್ನು ಕಟ್ಟುವ ಕಾರ್ಯದಲ್ಲಿ ಕೈಜೋಡಿಸಿದರು. ಕೈಯೊಡ್ಡುವವನಿಗೆ ಅನ್ನಕ್ಕಿಂತಲೂ ಮೊದಲು ಕೈಗೆ ಕೆಲಸ ಬೇಕೆಂಬುದು ಅವರ ನಿಲುವು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷತೆ ಅವರ ಪಾಲಿಗೆ ಬಂದಿತು. ಹೋರಾಟ ಈಗ ಪರಕೀಯರೊಡನೆ ಅಲ್ಲ; ಗಿರಣಿಯ ಅಗ್ಗದ ಸರಕಿಗೆ ಮರುಳಾದ ನಮ್ಮೊಡನೆಯೇ! ಯಂತ್ರಯುಗದಲ್ಲಿ ಮಗ್ಗವೂ ಕುಂಬಾರನ ತಿಗರಿಯೂ ಹಳೆಯ ಕಾಲದ ಅವಶೇಷಗಳೆಂದು ತಿಳಿದವರು ಅನೇಕರಿದ್ದರು. ಕಮಲಾದೇವಿಯವರು ಹಳ್ಳಿಹಳ್ಳಿ ತಿರುಗಿ, ಅಳಿವಿನ ಅಂಚಿನಲ್ಲಿದ್ದ ಕಸುಬುಗಳನ್ನು ಹುಡುಕಿದರು. ಕಾಳಹಸ್ತಿಯ ಕಲಂಕಾರಿಗೆ ಮರುಜೀವ ಬರಲು ಅವರ ಆಸ್ಥೆಯೇ ಕಾರಣವಾಯಿತು. ಕುಶಲಕರ್ಮಿಯ ಹೆಸರು ಜಗತ್ತಿಗೆ ತಿಳಿಯಬೇಕು, ಅವನ ಬೆವರಿಗೆ ತಕ್ಕ ಬೆಲೆ ಸಿಗಬೇಕು, ನಡುವಣ ದಲ್ಲಾಳಿ ಅದನ್ನು ನುಂಗಬಾರದು ಎಂಬುದಕ್ಕಾಗಿ ಹೆಣಗಿದರು. 1966ರ ಮ್ಯಾಗ್ಸೆಸೆ ಪ್ರಶಸ್ತಿ, 1987ರ ಪದ್ಮವಿಭೂಷಣ ಮೊದಲಾದ ಗೌರವಗಳು ತಾವಾಗಿಯೇ ಅವರನ್ನು ಅರಸಿಕೊಂಡು ಬಂದವು.

ಆದರೂ ಅವರು ಎತ್ತಿದ ಪ್ರಶ್ನೆ ಮುಗಿದಿಲ್ಲ. ಕೈಮಗ್ಗದ ಬಟ್ಟೆ ಇಂದು ಸಿರಿವಂತರ ಅಲಂಕಾರವಾಗಿ, ನೇಕಾರನ ಮಗ ಮಗ್ಗ ಬಿಟ್ಟು ನಗರದ ದಾರಿ ಹಿಡಿಯುವುದನ್ನು ನಾವು ಕಾಣುತ್ತಲೇ ಇದ್ದೇವೆ. ಪಕ್ಕದ ಭಿವಂಡಿಯ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಅಂಥವರ ದುಡಿಮೆಯೂ ಬೆರೆತಿದೆ. ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಊರಿನಿಂದ ಬರುವಾಗ ಅಜ್ಜಿ ಹೊಲಿದುಕೊಟ್ಟ ಕೌದಿ, ಅವ್ವ ಕಸೂತಿ ಹಾಕಿದ ಇಳಕಲ್ಲ ಸೀರೆ, ಚನ್ನಪಟ್ಟಣದ ಗೊಂಬೆ ನಮ್ಮೊಡನೆ ಬಂದವು. ಎರಡು ಕೋಣೆಯ ಮನೆಯಲ್ಲಿ ಜಾಗವಿಲ್ಲವೆಂದು ಎಷ್ಟನ್ನು ನಾವು ಹೊರಹಾಕಿಲ್ಲ? ವಸ್ತು ಹೋದರೆ ಹೋಗಲಿ. ಅದನ್ನು ಮಾಡಬಲ್ಲ ಕೈ ಹೋದರೆ ಮತ್ತೆ ಬಾರದು.

ಆದ್ದರಿಂದ ಸಹೋದರ ಸಹೋದರಿಯರಲ್ಲಿ ನಮ್ಮ ಬಿನ್ನಹವಿಷ್ಟೇ. ಈ ರಾಜ್ಯೋತ್ಸವದ ದಿನ ಕನ್ನಡದ ನುಡಿಯನ್ನು ಮಕ್ಕಳ ನಾಲಗೆಗೆ ಕೊಡುವಂತೆ, ಕನ್ನಡದ ಕಸುಬೊಂದನ್ನು ಅವರ ಕೈಗೂ ಕೊಡೋಣ. ಮನೆಯಲ್ಲಿ ಕೌದಿ ಹೊಲಿಯಬಲ್ಲ ಅಜ್ಜಿಯಿದ್ದರೆ, ಮೊಮ್ಮಗಳನ್ನು ಅವರ ಪಕ್ಕದಲ್ಲಿ ಒಂದು ಗಂಟೆ ಕೂಡಿಸೋಣ. ಹಿಡಿ ಉಪ್ಪಿನಿಂದ ಸಾಮ್ರಾಜ್ಯವನ್ನು ಎದುರಿಸಿದ ಆ ತಾಯಿಗೆ ಇದಕ್ಕಿಂತ ಮಿಗಿಲಾದ ಕಾಣಿಕೆ ಇರಲಾರದೆಂದು ನಾವು ನಂಬಿದ್ದೇವೆ.