ಫುಲ್ಲರ್ ಆಲ್‌ಬ್ರೈಟ್

ಫುಲ್ಲರ್ ಆಲ್‌ಬ್ರೈಟ್ (ಜನವರಿ ೧೨, ೧೯೦೦ – ಡಿಸೆಂಬರ್ ೮, ೧೯೬೯) ಅಮೆರಿಕದ ಖ್ಯಾತ ವೈದ್ಯವಿಜ್ಞಾನಿ. ನಿರ್ನಾಳ ಗ್ರಂಥಿಗಳು, ಮೂಳೆರೋಗಗಳು ಹಾಗೂ ದೇಹದೊಳಗಿನ ಕ್ಯಾಲ್ಸಿಯಂ ಸಮತೋಲನದ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದಕ್ಕೆ ಪ್ಯಾರಾಥೈರಾಯ್ಡ್ ಗ್ರಂಥಿಗಳ ರೋಗ ಕಾರಣವೋ, ವಂಶದಲ್ಲಿ ಹರಿದುಬಂದ ಬಹುಮಟ್ಟಿಗೆ ನಿರಪಾಯವಾದ ಸ್ಥಿತಿ ಕಾರಣವೋ ಎಂಬುದನ್ನು ಇಂದಿನ ವೈದ್ಯರು ಬೇರ್ಪಡಿಸುವ ವಿಧಾನವು ಇವರು ರೂಢಿಗೆ ತಂದ ಚಿಂತನೆಯ ಮುಂದುವರಿಕೆಯಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಆಲ್‌ಬ್ರೈಟ್ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಜನಿಸಿದರು. ತಂದೆ ಜಾನ್ ಜೆ. ಆಲ್‌ಬ್ರೈಟ್ ಉದ್ಯಮಿಗಳು, ಆ ನಗರಕ್ಕೆ ಕಲಾ ಸಂಗ್ರಹಾಲಯವನ್ನು ಕಟ್ಟಿಸಿಕೊಟ್ಟ ದಾನಿಗಳು. ಫುಲ್ಲರ್ ೧೯೨೪ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಪದವಿ ಪಡೆದು, ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ಜೋಸೆಫ್ ಆಬ್ ಅವರೊಡನೆ ಕ್ಯಾಲ್ಸಿಯಂ ಕುರಿತ ಸಂಶೋಧನೆ ಆರಂಭವಾಯಿತು. ಅನಂತರ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕೆಲಕಾಲ ದುಡಿದು, ೧೯೨೮-೨೯ರಲ್ಲಿ ವಿಯೆನ್ನಾ ನಗರದ ರೋಗಶಾಸ್ತ್ರಜ್ಞ ಯಾಕೋಬ್ ಎರ್ಡ್‌ಹೈಮ್ ಅವರ ಬಳಿ ಅಭ್ಯಾಸ ಮಾಡಿದರು. ಅಲ್ಲಿಂದ ಬಾಸ್ಟನ್ನಿಗೆ ಮರಳಿದ ಮೇಲೆ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯೇ ಅವರ ಜೀವಮಾನದ ಕಾರ್ಯಕ್ಷೇತ್ರವಾಯಿತು.

ಪ್ಯಾರಾಥೈರಾಯ್ಡ್ ಕುರಿತ ಸಂಶೋಧನೆ

ಕೊರಳಿನಲ್ಲಿ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಇವು ಸ್ರವಿಸುವ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುತ್ತದೆ. ಗ್ರಂಥಿಗಳು ಮಿತಿಮೀರಿ ಸ್ರವಿಸಿದರೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕಿಳಿಯುತ್ತದೆ; ಮೂಳೆಗಳು ಸವೆದು ಮೂತ್ರಪಿಂಡದಲ್ಲಿ ಕಲ್ಲುಗಳಾಗಬಹುದು.

ಈ ರೋಗದ ಅಧ್ಯಯನಕ್ಕೆ ದೊಡ್ಡ ನೆರವಾದವರು ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್. ರೋಗದಿಂದ ಅವರ ಎತ್ತರ ಸುಮಾರು ೭ ಅಂಗುಲ ಕುಗ್ಗಿತ್ತು. ಆಲ್‌ಬ್ರೈಟ್ ಮತ್ತು ಸಹೋದ್ಯೋಗಿಗಳು ಅವರನ್ನು ದೀರ್ಘಕಾಲ ಪರಿಶೀಲಿಸಿದರು. ಆರು ಶಸ್ತ್ರಚಿಕಿತ್ಸೆಗಳು ವಿಫಲವಾದ ಬಳಿಕ, ೧೯೩೨ರಲ್ಲಿ ನಡೆದ ಏಳನೆಯದರಲ್ಲಿ ಗಡ್ಡೆಯು ಎದೆಗೂಡಿನೊಳಗೆ ಪತ್ತೆಯಾಯಿತು. ಆದರೆ ಅಷ್ಟರಲ್ಲಿ ಮೂತ್ರಪಿಂಡಗಳು ಹಾಳಾಗಿದ್ದವು. ಕೆಲವೇ ವಾರಗಳಲ್ಲಿ ಮಾರ್ಟೆಲ್ ತೀರಿಕೊಂಡರು.

ಮೂಳೆ ಸವೆಯದೆಯೂ ಈ ರೋಗ ಇರಬಹುದೆಂದು ಆಲ್‌ಬ್ರೈಟ್ ತೋರಿಸಿದರು. ಮೂತ್ರಪಿಂಡದ ಕಲ್ಲಿನ ರೋಗಿಗಳಲ್ಲಿ ಅದನ್ನು ಹುಡುಕಿದ ಫಲವಾಗಿ, ೧೯೩೪ರ ವೇಳೆಗೆ ಅವರ ಆಸ್ಪತ್ರೆಯೊಂದರಲ್ಲೇ ೧೭ ಪ್ರಕರಣಗಳು ಖಚಿತಗೊಂಡವು. ಅವರ ವಿಧಾನವು ಜಮಾ-ಖರ್ಚಿನ ಲೆಕ್ಕವನ್ನು ಹೋಲುತ್ತಿತ್ತು. ರೋಗಿಯ ಆಹಾರದಲ್ಲಿ ಒಳಹೋದ ಕ್ಯಾಲ್ಸಿಯಂ ಎಷ್ಟು, ಮಲಮೂತ್ರಗಳಲ್ಲಿ ಹೊರಬಂದದ್ದು ಎಷ್ಟು ಎಂದು ದಿನದಿನವೂ ಅಳೆಯಲಾಗುತ್ತಿತ್ತು. ರಕ್ತವನ್ನಷ್ಟೇ ನೋಡದೆ ಮೂತ್ರವನ್ನೂ ನೋಡಬೇಕೆಂಬ ಪಾಠ ಇದರಿಂದ ನೆಲೆಗೊಂಡಿತು.

ಇತರ ಕೊಡುಗೆಗಳು

ಋತುಬಂಧದ ನಂತರ ಸ್ತ್ರೀಯರ ಮೂಳೆ ಟೊಳ್ಳಾಗಲು ಈಸ್ಟ್ರೋಜನ್ ಕೊರತೆ ಕಾರಣವೆಂದು ಅವರು ಗುರುತಿಸಿದರು. ಮಕ್ಯೂನ್-ಆಲ್‌ಬ್ರೈಟ್ ಲಕ್ಷಣಕೂಟವು ಅವರ ಹೆಸರನ್ನು ಹೊತ್ತಿದೆ. ೧೯೪೨ರಲ್ಲಿ ಅವರು ಮತ್ತು ಸಂಗಡಿಗರು ಒಂದು ವಿಚಿತ್ರ ರೋಗವನ್ನು ವರ್ಣಿಸಿದರು: ರೋಗಿಗೆ ಪ್ಯಾರಾಥೈರಾಯ್ಡ್ ಸಾರವನ್ನು ಚುಚ್ಚಿದರೂ ದೇಹ ಅದಕ್ಕೆ ಓಗೊಡುತ್ತಿರಲಿಲ್ಲ. ದೋಷವು ಗ್ರಂಥಿಯಲ್ಲಿಲ್ಲ, ಸಂದೇಶವನ್ನು ಸ್ವೀಕರಿಸುವ ಅಂಗಾಂಶದಲ್ಲಿದೆ ಎಂಬುದು ಅವರ ತೀರ್ಮಾನ. ಎಡ್ವರ್ಡ್ ರೈಫೆನ್‌ಸ್ಟೈನ್ ಅವರೊಡನೆ ಬರೆದ ಪ್ಯಾರಾಥೈರಾಯ್ಡ್ ಹಾಗೂ ಮೂಳೆರೋಗಗಳ ಗ್ರಂಥವು ೧೯೪೮ರಲ್ಲಿ ಪ್ರಕಟವಾಯಿತು. ೧೯೫೫ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು.

ಅನಾರೋಗ್ಯ ಮತ್ತು ನಿಧನ

ನಲವತ್ತು ತುಂಬುವ ಮೊದಲೇ ಆಲ್‌ಬ್ರೈಟ್ ಅವರಿಗೆ ಪಾರ್ಕಿನ್ಸನ್ ರೋಗ ತಗುಲಿತು. ಕೈಕಾಲುಗಳ ಹಿಡಿತ ತಪ್ಪಿ, ಮಾತು ಅಸ್ಪಷ್ಟವಾದರೂ ಸಹಾಯಕರ ನೆರವಿನಿಂದ ಸುಮಾರು ಎರಡು ದಶಕ ಸಂಶೋಧನೆ ಮುಂದುವರಿಸಿದರು. ೧೯೫೬ರಲ್ಲಿ, ಇನ್ನೂ ಪ್ರಯೋಗದ ಹಂತದಲ್ಲಿದ್ದ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಮೊದಲ ಪಾರ್ಶ್ವದ ಚಿಕಿತ್ಸೆ ಗುಣ ನೀಡಿತು. ಎರಡನೆಯದರ ನಂತರ ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ಮಾತು ಮತ್ತು ಚಲನೆಗಳನ್ನು ಕಳೆದುಕೊಂಡರು. ಅದೇ ಸ್ಥಿತಿಯಲ್ಲಿ ೧೩ ವರ್ಷ ಉಳಿದು, ೧೯೬೯ರಲ್ಲಿ ನಿಧನರಾದರು.

ನಂತರದ ಬೆಳವಣಿಗೆ

ಆಲ್‌ಬ್ರೈಟ್ ಅವರ ಕಾಲದಲ್ಲಿ, ಹೆಚ್ಚಿನ ಕ್ಯಾಲ್ಸಿಯಂ ಕಂಡುಬಂದ ಕೆಲವು ಕುಟುಂಬಗಳನ್ನು ಪ್ಯಾರಾಥೈರಾಯ್ಡ್ ರೋಗಿಗಳಿಂದ ಪ್ರತ್ಯೇಕಿಸುವ ಮಾರ್ಗವಿರಲಿಲ್ಲ. ಇಂಥವರ ಗ್ರಂಥಿಗಳನ್ನು ತೆಗೆದರೂ ಕ್ಯಾಲ್ಸಿಯಂ ಇಳಿಯುತ್ತಿರಲಿಲ್ಲ. ೧೯೭೨ರಲ್ಲಿ ಈ ಸ್ಥಿತಿಯು ಪ್ರತ್ಯೇಕವಾಗಿ ವರ್ಣಿತವಾಯಿತು. ಮುಂದೆ ಇದಕ್ಕೆ ಫ್ಯಾಮಿಲಿಯಲ್ ಹೈಪೊಕ್ಯಾಲ್ಸಿಯೂರಿಕ್ ಹೈಪರ್‌ಕ್ಯಾಲ್ಸೀಮಿಯ ಎಂಬ ಹೆಸರು ಬಂದಿತು. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚು, ಮೂತ್ರದಲ್ಲಿ ಕಡಿಮೆ ಎಂಬುದೇ ಆ ಹೆಸರಿನ ಅರ್ಥ. ಕ್ಯಾಲ್ಸಿಯಂ ಮಟ್ಟವನ್ನು ಗ್ರಹಿಸುವ ಜೀವಕೋಶಗಳ ಗ್ರಾಹಕದಲ್ಲಿನ ವಂಶವಾಹಿ ದೋಷವೇ ಇದರ ಮುಖ್ಯ ಕಾರಣವೆಂದು ೧೯೯೩ರಲ್ಲಿ ತಿಳಿದುಬಂದಿತು. ಇಲ್ಲಿಯೂ ಮೂಲ ದೋಷವಿರುವುದು ಸಂದೇಶವನ್ನು ಸ್ವೀಕರಿಸುವ ಕಡೆಯಲ್ಲಿ.

ಎರಡೂ ಸ್ಥಿತಿಗಳಲ್ಲಿ ಹಾರ್ಮೋನಿನ ಮಟ್ಟ ಒಂದೇ ತೆರನಾಗಿ ಕಾಣಬಹುದು. ಆದ್ದರಿಂದ ಮೂತ್ರದ ಪರೀಕ್ಷೆ ಅಗತ್ಯ. ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ವಿಸರ್ಜನೆಯ ಅನುಪಾತವು ೦.೦೧ಕ್ಕಿಂತ ಕಡಿಮೆಯಿದ್ದರೆ ವಂಶಪಾರಂಪರ್ಯ ಸ್ಥಿತಿಯನ್ನೂ, ೦.೦೨ಕ್ಕಿಂತ ಹೆಚ್ಚಿದ್ದರೆ ಗ್ರಂಥಿಯ ರೋಗವನ್ನೂ ಶಂಕಿಸುತ್ತಾರೆ. ವಿಟಮಿನ್ ಡಿ ಕೊರತೆ, ಮೂತ್ರಪಿಂಡದ ದೌರ್ಬಲ್ಯ ಹಾಗೂ ಥಯಾಜೈಡ್ ಔಷಧಿಗಳು ಈ ಲೆಕ್ಕವನ್ನು ತಪ್ಪಿಸಬಲ್ಲವು. ಸಂದೇಹ ಉಳಿದಲ್ಲಿ ತಂದೆತಾಯಿ, ಒಡಹುಟ್ಟಿದವರು ಹಾಗೂ ಮಕ್ಕಳ ರಕ್ತಪರೀಕ್ಷೆ ಮತ್ತು ವಂಶವಾಹಿ ಪರೀಕ್ಷೆ ನೆರವಾಗುತ್ತವೆ. ಈ ದೋಷವುಳ್ಳವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು.

ರಕ್ತಸಂಬಂಧದಲ್ಲಿ ವಿವಾಹವಾಗುವ ರೂಢಿಯಿರುವ ಕರ್ನಾಟಕದಂಥ ಪ್ರದೇಶಗಳಲ್ಲಿ ಈ ತಿಳಿವಳಿಕೆಗೆ ಇನ್ನೊಂದು ಮಹತ್ವವಿದೆ. ತಂದೆತಾಯಿ ಇಬ್ಬರಲ್ಲೂ ಗ್ರಾಹಕದ ದೋಷವಿದ್ದು, ಅದು ಎರಡೂ ಕಡೆಯಿಂದ ಮಗುವಿಗೆ ಬಂದರೆ, ನವಜಾತ ಶಿಶುವಿನಲ್ಲಿ ಪ್ರಾಣಾಪಾಯಕಾರಿ ರೋಗ ತಲೆದೋರಬಹುದು; ಆಗ ತುರ್ತು ಚಿಕಿತ್ಸೆ ಬೇಕಾಗುತ್ತದೆ. ದೋಷವು ಒಂದೇ ಕಡೆಯಿಂದ ಬಂದ ವಯಸ್ಕರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ.